‘ಆಪರೇಷನ್ ಆಗೈತಿ’ ಅಂತ ಸುಮ್ಮನೆ ಕೂಡಬ್ಯಾಡ್ರಿ: ನಾಳದ ಬಸಿರು ಯಾರಿಗೆ ಅಪಾಯ?



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ನಮ್ಮ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಒಂದು ಪಾಠ ಓದೋಣ. ಈ ಸಲದ ಪಾಠ ನಮ್ಮ ಹೊಟ್ಟೆಯೊಳಗಿನದು. ಓದಲು ಬರುವ ಒಬ್ಬರು ಗಟ್ಟಿಯಾಗಿ ಓದಿರಿ, ಉಳಿದವರು ಕೇಳಿರಿ. ನಾಚಿಕೆ ಬೇಡ. ಇಲ್ಲಿ ಕುಳಿತವರೆಲ್ಲ ಹೆಣ್ಣುಮಕ್ಕಳೇ.

ಹೀಗೊಂದು ಮನೆ

ಮೊದಲು ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಪಾಠಕ್ಕಾಗಿ ನಾವು ಕಟ್ಟಿದ್ದು. ಆದರೆ ಯಾವ ಊರಲ್ಲೂ ಆಗಬಹುದಾದದ್ದು.

ಮನೆಯಾಕೆಗೆ ಮೂವತ್ತೆರಡು ವರ್ಷ. ಮೂರು ಮಕ್ಕಳು. ಆರು ವರ್ಷದ ಹಿಂದೆ ಆಪರೇಷನ್ ಆಗಿದೆ. ಭತ್ತದ ನಾಟಿಯ ದಿನಗಳು. ಮುಟ್ಟು ಬರಬೇಕಾದ ದಿನ ದಾಟಿ ಹತ್ತು ದಿನವಾಯಿತು. ‘ಕೆಸರಾಗ ಬಗ್ಗಿ ಬಗ್ಗಿ ಹಿಂಗಾಗಿರಬೇಕು’ ಅಂದುಕೊಂಡಳು. ಆಮೇಲೆ ಕಂದು ಬಣ್ಣದ ರಕ್ತ ಚೂರು ಚೂರು ಕಂಡಿತು. ‘ಅಂತೂ ಬಂತು’ ಅಂದುಕೊಂಡಳು. ಕಿಬ್ಬೊಟ್ಟೆಯ ಬಲಗಡೆ ಚುಚ್ಚತೊಡಗಿತು. ಅತ್ತೆ ‘ಗ್ಯಾಸ್ ತುಂಬೈತಿ, ಅಜವಾನ ತಿನ್ನು’ ಅಂದಳು. ಊರಲ್ಲಿ ಸೂಜಿ ಹಾಕುವವರು ಒಂದು ಸೂಜಿ ಹಾಕಿ ಗುಳಿಗೆ ಕೊಟ್ಟರು. ಮೂರನೇ ದಿನ ಬೆಳಗ್ಗೆ ಎದ್ದವಳೇ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಮೈ ತಣ್ಣಗೆ, ತುಟಿ ಬಿಳುಪು. ಹೊರಗೆ ಹೋದ ರಕ್ತ ಸ್ವಲ್ಪವೇ. ಆದರೆ ಒಳಗೆ, ಹೊಟ್ಟೆ ತುಂಬ ರಕ್ತ.

ಆಕೆಗೆ ಆಗಿದ್ದು ನಾಳದ ಬಸಿರು. ಡಾಕ್ಟರು ಇದಕ್ಕೆ ‘ಎಕ್ಟೋಪಿಕ್ ಪ್ರೆಗ್ನೆನ್ಸಿ’ ಎನ್ನುತ್ತಾರೆ, ಕೆಲವರು ‘ಟ್ಯೂಬಿನಲ್ಲಿ ಗರ್ಭ’ ಎನ್ನುತ್ತಾರೆ. ಆ ಮೂರು ದಿನದಲ್ಲಿ ಒಬ್ಬರೂ ಆಕೆಗೆ ಒಂದು ಮಾತು ಕೇಳಲಿಲ್ಲ: ‘ಮುಟ್ಟು ಯಾವಾಗ ಆಗಿತ್ತವ್ವಾ?’ ಯಾಕೆ ಕೇಳಲಿಲ್ಲ? ಆಪರೇಷನ್ ಆದಾಕಿ ಬಸಿರಾಗುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆಕೆಯೂ ಹಾಗೇ ತಿಳಿದಿದ್ದಳು. ಈ ತೀರ್ಮಾನವನ್ನು ಬಿಡಿಸುವುದೇ ಇಂದಿನ ಪಾಠ.

ಬಸಿರು ಎಲ್ಲಿ ನಿಲ್ಲಬೇಕು? ಎಲ್ಲಿ ನಿಂತಿತು?

ನಮ್ಮ ಗರ್ಭಕೋಶದ ಎರಡೂ ಬದಿಗೆ ಒಂದೊಂದು ಸಣ್ಣ ನಾಳ ಇದೆ. ಉದ್ದ ಸುಮಾರು 10 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ತಿಂಗಳಿಗೊಮ್ಮೆ ಅಂಡಾಶಯದಿಂದ ಬಿಡುಗಡೆಯಾದ ತತ್ತಿ ಈ ನಾಳಕ್ಕೆ ಬರುತ್ತದೆ. ಗಂಡಿನ ವೀರ್ಯಾಣು ಅದನ್ನು ಕೂಡುವುದೂ ಇಲ್ಲೇ. ಕೂಡಿದ ಮೇಲೆ ಅದು ನಾಳದೊಳಗೆ ಮೂರು ನಾಲ್ಕು ದಿನ ಮೆಲ್ಲಗೆ ಸಾಗಿ ಗರ್ಭಕೋಶ ಸೇರಿ ಅಲ್ಲಿ ಬೇರು ಬಿಡಬೇಕು. ನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವೇ ಅದನ್ನು ಮುಂದೆ ಮುಂದೆ ತಳ್ಳುತ್ತವೆ.

ನಮ್ಮ ಎಡದಂಡೆ ಕಾಲುವೆಯನ್ನು ನೆನೆಯಿರಿ. ಉಪಕಾಲುವೆಯಲ್ಲಿ ಹೂಳು ತುಂಬಿದರೆ, ದಂಡೆ ಕುಸಿದರೆ ಏನಾಗುತ್ತದೆ? ನೀರು ಹೇಗೋ ಸೋರಿಕೊಂಡು ಮುಂದೆ ಹೋಗುತ್ತದೆ. ತೇಲಿ ಬಂದ ಹುಲ್ಲಿನ ಸಿವುಡು ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾಳದಲ್ಲೂ ಹಾಗೆಯೇ. ಗಾಯ, ಸೋಂಕು, ಕೊಯ್ದ ಗುರುತು ಇದ್ದರೆ ಅತಿ ಸಣ್ಣದಾದ ವೀರ್ಯಾಣು ದಾಟಿಬಿಡಬಹುದು. ಆದರೆ ಕೂಡಿ ದೊಡ್ಡದಾದ ತತ್ತಿ ದಾಟದೆ ನಾಳದಲ್ಲೇ ನಿಂತು ಬೇರು ಬಿಡುತ್ತದೆ.

ಗರ್ಭಕೋಶ ಮಗು ಬೆಳೆದಂತೆ ಹಿಗ್ಗುತ್ತದೆ. ನಾಳ ಹಿಗ್ಗುವುದಿಲ್ಲ. ಕಡೆಯ ಮುಟ್ಟಿನಿಂದ ಎಣಿಸಿ ಆರೆಂಟು ವಾರಕ್ಕೆ ನೋವು, ರಕ್ತ ಕಾಣತೊಡಗುತ್ತದೆ. ಆಮೇಲೆ ನಾಳ ಒಡೆಯಬಹುದು. ಒಡೆದರೆ ರಕ್ತ ಹೊಟ್ಟೆಯೊಳಗೆ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗೆ ದಾರಿ ತಪ್ಪುತ್ತವೆ. ಹಾಗೆ ತಪ್ಪಿದವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಳದಲ್ಲೇ ನಿಲ್ಲುತ್ತವೆ.

ಯಾರಿಗೆ ಅಪಾಯ ಹೆಚ್ಚು?

1. ಹಿಂದೆ ಒಮ್ಮೆ ನಾಳದ ಬಸಿರು ಆದವರಿಗೆ. ಇವರಲ್ಲಿ ಹತ್ತರಲ್ಲಿ ಒಬ್ಬರಿಗೆ ಮತ್ತೆ ಹಾಗೇ ಆಗಬಹುದು. ಇಂಥವರು ಮುಂದಿನ ಸಲ ಮುಟ್ಟು ನಿಂತ ಕೂಡಲೇ ತೋರಿಸಿ, ಬಸಿರು ಎಲ್ಲಿ ನಿಂತಿದೆ ಎಂದು ಬೇಗನೇ ಸ್ಕ್ಯಾನಿಂಗ್ ಮಾಡಿಸಬೇಕು.

2. ಸಂತಾನಹರಣ ಆಪರೇಷನ್ ಆದ ಮೇಲೂ ಬಸಿರಾದವರಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮೆಲ್ಲರ ಮನೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಈ ಆಪರೇಷನ್ ಆಗಿದೆ. ಅಂದರೆ ಹತ್ತು ಜನ ಕುಳಿತ ಸಂಘದಲ್ಲಿ ಐದಾರು ಮಂದಿ.

ಆಪರೇಷನ್ ಎಂದರೆ ನಾಳವನ್ನು ಕಟ್ಟಿ ಕತ್ತರಿಸುವುದು ಅಥವಾ ಉಂಗುರ ಹಾಕಿ ಮುಚ್ಚುವುದು. ಹೆಚ್ಚಿನವರಲ್ಲಿ ಅದು ಮುಚ್ಚಿಯೇ ಇರುತ್ತದೆ. ಕೆಲವರಲ್ಲಿ ಮಾತ್ರ ಕತ್ತರಿಸಿದ ತುದಿಗಳು ಮತ್ತೆ ಕೂಡುತ್ತವೆ, ಇಲ್ಲವೇ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಅಮೆರಿಕದಲ್ಲಿ ಆಪರೇಷನ್ ಆದ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1996-97ರಲ್ಲಿ ಲೆಕ್ಕ ಪ್ರಕಟಿಸಿದರು. ಹತ್ತು ವರ್ಷದಲ್ಲಿ ಸಾವಿರ ಮಂದಿಯಲ್ಲಿ ಸುಮಾರು 18 ಮಂದಿ ಬಸಿರಾದರು. ಸಾವಿರಕ್ಕೆ ಸುಮಾರು 7ರಂತೆ ನಾಳದ ಬಸಿರು ಕಂಡಿತು. ಚಿಕ್ಕ ವಯಸ್ಸಿನಲ್ಲಿ ಆಪರೇಷನ್ ಆದವರಲ್ಲಿ ಇದು ಹೆಚ್ಚು ಕಂಡಿತು. ‘ನಂದು ಆಗಿ ಎಂಟು ವರ್ಷ ಆತು, ಇನ್ನೇನು ಭಯ’ ಎನ್ನುವಂತೆಯೂ ಇರಲಿಲ್ಲ. ನಾಲ್ಕನೇ ವರ್ಷದಿಂದ ಹತ್ತನೇ ವರ್ಷದವರೆಗೂ ಆಗುತ್ತಲೇ ಇತ್ತು. ನಮ್ಮ ಕಡೆ ಇಪ್ಪತ್ತೆರಡು, ಇಪ್ಪತ್ತೈದಕ್ಕೇ ಆಪರೇಷನ್ ಆದವರು ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿ ನೋಡಿರಿ.

ಹೆದರಬೇಡಿ. ಆಪರೇಷನ್ ಆದವರಲ್ಲಿ ಸಾವಿರಕ್ಕೆ 980ಕ್ಕೂ ಹೆಚ್ಚು ಮಂದಿ ಬಸಿರಾಗಲೇ ಇಲ್ಲ ಎಂಬುದೂ ಅದೇ ಲೆಕ್ಕ. ಆದರೆ ಆದವರಲ್ಲಿ ಮೂವರಿಗೆ ಒಬ್ಬರಂತೆ ಅದು ನಾಳದಲ್ಲಿತ್ತು. ಆದ್ದರಿಂದ ಆಪರೇಷನ್ ಆದಾಕೆಗೆ ಮುಟ್ಟು ತಪ್ಪಿ ಹೊಟ್ಟೆ ನೋವು ಬಂದರೆ, ಬೇರೆಯವರಿಗಿಂತ ಒಂದು ದಿನ ಮುಂಚೆಯೇ ಆಸ್ಪತ್ರೆಗೆ ಹೊರಡಬೇಕು. ಆಪರೇಷನ್ ಬಿಚ್ಚಿಸಿ ಮತ್ತೆ ನಾಳ ಜೋಡಿಸಿಕೊಂಡವರಿಗೂ ಇದೇ ಮಾತು.

3. ಗರ್ಭಕೋಶ, ನಾಳಗಳಿಗೆ ಸೋಂಕು ತಗುಲಿದವರಿಗೆ. ಲೈಂಗಿಕ ಸಂಪರ್ಕದಿಂದ ಬರುವ ಸೋಂಕುಗಳು ನಾಳದ ಆ ಸಣ್ಣ ರೋಮಗಳನ್ನು ಸುಟ್ಟಂತೆ ಮಾಡುತ್ತವೆ. ಹೆರಿಗೆಯಾದ ಮೇಲೆ ಜ್ವರ ಬಂದು ನಂಜಾದರೂ, ಹೊಲಸು ಕೈಯಿಂದ ಗರ್ಭ ತೆಗೆಸಿ ನಂಜಾದರೂ ಹೀಗಾಗಬಹುದು. ಎಲ್ಲ ಬಿಳಿ ಮುಟ್ಟೂ ರೋಗವಲ್ಲ. ಆದರೆ ನಾತ, ತುರಿ, ಹಳದಿ ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಗಂಡನ ಜೊತೆ ಕೂಡುವಾಗ ನೋವು ಇದ್ದರೆ ತೋರಿಸಿಕೊಳ್ಳಿ. ಕೆಲವು ಸೋಂಕುಗಳು ಏನೂ ಲಕ್ಷಣ ತೋರಿಸದೆ ಒಳಗೇ ಕೆಲಸ ಮಾಡುತ್ತವೆ. ಗುಳಿಗೆ ಹೆಂಡತಿ ಒಬ್ಬಳೇ ನುಂಗಿದರೆ ಸಾಲದು, ಗಂಡನೂ ನುಂಗಬೇಕು, ಇಬ್ಬರೂ ಪೂರ್ತಿ ಮುಗಿಸಬೇಕು. ಇಲ್ಲದಿದ್ದರೆ ಸೋಂಕು ತಿರುಗಿ ಬರುತ್ತದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ, ಗುಟ್ಟೂ ಕಾಪಾಡುತ್ತಾರೆ.

4. ಟಿ.ಬಿ. ಆದವರಿಗೆ. ಟಿ.ಬಿ. ಬರೀ ಎದೆಯ ರೋಗ ಅಂತ ನಾವು ತಿಳಿದಿದ್ದೇವೆ. ಅದು ಗರ್ಭನಾಳಕ್ಕೂ ಇಳಿಯುತ್ತದೆ, ಕೆಮ್ಮು ಇಲ್ಲದೆಯೂ ಇಳಿಯುತ್ತದೆ. ನಮ್ಮ ದೇಶದಲ್ಲಿ ನಾಳ ಕೆಡಲು ಇದೊಂದು ಮುಖ್ಯ ಕಾರಣ. ಗಣಿ, ಕಲ್ಲಿನ ದೂಳಿನಲ್ಲಿ ದುಡಿದು ಶ್ವಾಸಕೋಶ ಕೆಟ್ಟವರಿಗೆ ಟಿ.ಬಿ. ಬೇಗ ಹತ್ತುತ್ತದೆ, ಅವರಿಂದ ಮನೆಯವರಿಗೂ ಹರಡಬಹುದು. ಮನೆಯಲ್ಲಿ ಯಾರಿಗೇ ಇರಲಿ, ಚಿಕಿತ್ಸೆ ನಡುವೆ ಬಿಡಬೇಡಿ.

5. ವಂಕಿ (ಕಾಪರ್ ಟಿ) ಇದ್ದೂ ಬಸಿರಾದವರಿಗೆ. ವಂಕಿ ಬಸಿರನ್ನೇ ತಡೆಯುವುದರಿಂದ ಅದು ನಾಳದ ಬಸಿರನ್ನು ಹೆಚ್ಚಿಸುವುದಿಲ್ಲ. ‘ವಂಕಿಯಿಂದಲೇ ಆತು’ ಎನ್ನುವ ಮಾತು ಸರಿಯಲ್ಲ. ಆದರೆ ವಂಕಿ ಇದ್ದೂ ಬಸಿರು ನಿಂತರೆ ಅದು ನಾಳದಲ್ಲಿರುವ ಸಂಭವ ಹೆಚ್ಚು. ತಡಮಾಡದೆ ತೋರಿಸಬೇಕು.

6. ಬಹಳ ವರ್ಷ ಮಕ್ಕಳಾಗದವರಿಗೆ, ಅದಕ್ಕಾಗಿ ಚಿಕಿತ್ಸೆ ಪಡೆದವರಿಗೆ. ಹಾಗೆಯೇ ಅಪೆಂಡಿಕ್ಸ್ ಒಡೆದು ಹೊಟ್ಟೆ ಆಪರೇಷನ್ ಆದವರಿಗೆ, 35 ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಸ್ವಲ್ಪ ಹೆಚ್ಚು.

ಈ ಪಟ್ಟಿ ಕೇಳಿ ‘ನನಗೆ ಇದ್ಯಾವುದೂ ಇಲ್ಲ’ ಎಂದು ನಿರಾಳವಾದವರು ಇನ್ನೊಂದು ಮಾತು ಕೇಳಿರಿ. ನಾಳದ ಬಸಿರು ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಯಾವ ಕಾರಣವೂ ಇರುವುದಿಲ್ಲ. ಹೊಸದಾಗಿ ಮದುವೆಯಾದ ಸೊಸೆಗೂ ಆಗಬಹುದು, ಹಾಲುಣಿಸುವ ಬಾಣಂತಿಗೂ ಆಗಬಹುದು. ಹಾಗಾಗಿ ಕಾರಣಗಳಿಗಿಂತ ಲಕ್ಷಣಗಳನ್ನು ಹೆಚ್ಚು ನೆನಪಿಡಿ.

ಲಕ್ಷಣಗಳು

• ಮುಟ್ಟು ತಪ್ಪುವುದು, ಅಥವಾ ಎಂದಿನಂತಲ್ಲದ ಮುಟ್ಟು: ತಡವಾಗಿ, ಸ್ವಲ್ಪವೇ, ಕಂದು ಬಣ್ಣದ್ದು.
• ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಒಂದೇ ಬದಿಗೆ, ಬಿಡದ ನೋವು.
• ತಲೆ ಸುತ್ತು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ.
• ಭುಜದ ತುದಿಯಲ್ಲಿ ನೋವು. ಹೊಟ್ಟೆಯಲ್ಲಿ ರಕ್ತ ತುಂಬಿದಾಗ ಭುಜ ನೋಯುತ್ತದೆ. ಹೊಟ್ಟೆ ನೋವಿನ ಜೊತೆ ಇದು ಬಂದರೆ ‘ಹೊರೆ ಹೊತ್ತಿದ್ದಕ್ಕೆ ನೋವು’ ಅಂತ ಬಿಡಬೇಡಿ.
• ಮೇಲಿಂದ ಮೇಲೆ ಸಂಡಾಸಿಗೆ ಹೋಗಬೇಕು ಅನಿಸುವುದು.
• ತಣ್ಣನೆ ಬೆವರು, ಬಿಳಿಚಿದ ತುಟಿ, ಎಚ್ಚರ ತಪ್ಪುವುದು. ಇದು ನಾಳ ಒಡೆದಿರುವ ಗುರುತು. ಒಂದು ನಿಮಿಷವೂ ಕಾಯುವ ಹಾಗಿಲ್ಲ.

ಮಾಡಬಾರದ್ದು

ಹೊಟ್ಟೆ ತಿಕ್ಕಿಸಬೇಡಿ. ಗ್ಯಾಸ್ ಎಂದು ಗುಳಿಗೆ ನುಂಗಿ, ಸಲೈನ್ ಹಚ್ಚಿಸಿಕೊಂಡು ದಿನ ದೂಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟು ನಿಂತಿದೆ ಎಂದು ಮೆಡಿಕಲ್ ಅಂಗಡಿಯಿಂದ ಗುಟ್ಟಾಗಿ ಗುಳಿಗೆ ತರಿಸಿ ನುಂಗಬೇಡಿ. ಆ ಗುಳಿಗೆಗೆ ನಾಳದ ಬಸಿರು ಹೋಗುವುದಿಲ್ಲ. ಕೆಳಗೆ ರಕ್ತ ಮಾತ್ರ ಹೋಗುತ್ತದೆ. ‘ತೊಳೆದು ಹೋತು’ ಅಂದುಕೊಂಡು ಸುಮ್ಮನಾಗುತ್ತೇವೆ. ಇತ್ತ ನಾಳ ಒಡೆಯುತ್ತದೆ.

ಮಾಡಬೇಕಾದ್ದು

ಮುಟ್ಟು ತಪ್ಪಿದರೆ ಮೊದಲು ಮೂತ್ರ ಪರೀಕ್ಷೆ. ಆಶಾ ಅಕ್ಕನ ಹತ್ತಿರ ‘ನಿಶ್ಚಯ್’ ಕಿಟ್ ಕೇಳಿರಿ. ಅದು ಬಸಿರು ಇದೆಯೋ ಇಲ್ಲವೋ ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಎಲ್ಲಿದೆ ಎಂದು ತಿಳಿಯಲು ಸ್ಕ್ಯಾನಿಂಗ್ ಬೇಕು. ಬಹಳ ಮುಂಚೆ ಮಾಡಿದರೆ ಸ್ಕ್ಯಾನಿಂಗಿನಲ್ಲೂ ಕಾಣದಿರಬಹುದು. ಆಗ ಡಾಕ್ಟರು ಎರಡು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ‘ಒಮ್ಮೆ ತೋರಿಸೀವಿ, ಸಾಕು’ ಎನ್ನದೆ ಹೇಳಿದ ದಿನಕ್ಕೆ ಹೋಗಲೇಬೇಕು.

ನೋವು ಇದ್ದರೆ ನೇರವಾಗಿ ಆಸ್ಪತ್ರೆಗೆ. ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ ತಾಲೂಕು ಸರ್ಕಾರಿ ಆಸ್ಪತ್ರೆಗಳಿವೆ. ಮಸ್ಕಿ ಇವೆರಡರ ನಡುವಿನ ದಾರಿಯಲ್ಲೇ ಇದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ರಾಯಚೂರಿನ ರಿಮ್ಸ್. ಅಲ್ಲಿಗೆ ಸಿಂಧನೂರು, ಲಿಂಗಸುಗೂರುಗಳಿಂದ 80 ಕಿಲೋಮೀಟರಿಗಿಂತ ಹೆಚ್ಚು ದಾರಿ. ಈ ದೂರವೇ ನಮ್ಮ ಕಷ್ಟ. ಅದಕ್ಕೇ ಎಚ್ಚರ ತಪ್ಪುವವರೆಗೆ ಕಾಯದೆ ನೋವು ಶುರುವಾದಾಗಲೇ ಹೊರಡಬೇಕು. ತಲೆ ಸುತ್ತಿದರೆ ಬೈಕಿನ ಮೇಲೆ ಕೂಡಿಸಬೇಡಿ, 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಊಟ, ಚಹಾ ಕೊಡಬೇಡಿ, ಆಪರೇಷನ್ ಮಾಡಬೇಕಾಗಬಹುದು. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ.

ಡಾಕ್ಟರ ಮುಂದೆ ಈ ನಾಲ್ಕು ಮಾತು ಹೇಳಿರಿ. ಸಭೆಯಲ್ಲಿ ಎಲ್ಲರೂ ಒಮ್ಮೆ ಬಾಯಲ್ಲಿ ಹೇಳಿ ಕಲಿಯಿರಿ:

‘ನನ್ನ ಕಡೇ ಮುಟ್ಟು ಇಂಥಾ ದಿನ ಆಗಿತ್ರಿ.’
‘ನನಗ ಆಪರೇಷನ್ ಆಗೈತ್ರಿ.’ (ಅಥವಾ ‘ವಂಕಿ ಐತ್ರಿ’, ‘ಹಿಂದೊಮ್ಮೆ ನಾಳದಾಗ ನಿಂತಿತ್ರಿ.’)
‘ಹೊಟ್ಟಿ ಈ ಕಡೆ ನೋಯ್ತೈತಿ, ತಲಿ ತಿರುಗ್ತೈತಿ.’
‘ನಾಳದಾಗ ಬಸಿರು ನಿಂತೈತೇನು ನೋಡ್ರಿ.’

ಮೊದಲನೇ ಮಾತು ಹೇಳಬೇಕಾದರೆ ತಾರೀಖು ನೆನಪಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳು ಒಂದು ಗೀಟು ಹಾಕಿಡಿ. ಆಪರೇಷನ್ ಆದವರೂ ಹಾಕಿರಿ.

ಚಿಕಿತ್ಸೆ ಏನು?

ಒಂದು ಕಾಲಕ್ಕೆ ನಾಳ ಒಡೆದರೆ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್ ಎಂಬ ಡಾಕ್ಟರು ಹೊಟ್ಟೆ ಕೊಯ್ದು ಒಡೆದ ನಾಳವನ್ನು ಕಟ್ಟಿ ತೆಗೆದು ಒಬ್ಬ ಹೆಣ್ಣುಮಗಳನ್ನು ಉಳಿಸಿದರು. ಇಂದಿಗೂ ಒಡೆದ ನಾಳಕ್ಕೆ ಮದ್ದು ಅದೇ: ಆಪರೇಷನ್ ಮತ್ತು ರಕ್ತ. ಬೇಗ ಗೊತ್ತಾದರೆ, ನಾಳ ಒಡೆಯದೆ ಇದ್ದರೆ, ಕೆಲವರಿಗೆ ಇಂಜೆಕ್ಷನ್‌ನಲ್ಲೇ ವಾಸಿಯಾಗುತ್ತದೆ. ರಕ್ತದ ಗುಂಪು ನೆಗೆಟಿವ್ ಇದ್ದವರು ಅದನ್ನು ಡಾಕ್ಟರಿಗೆ ಹೇಳಬೇಕು, ಅವರಿಗೆ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು.

‘ಬಸಿರು ತೆಗೆಸಿದ ಪಾಪ ತಟ್ಟೀತೇನೋ’ ಎಂದು ಯಾರಿಗಾದರೂ ಅನಿಸಬಹುದು. ನಾಳದಲ್ಲಿ ನಿಂತ ಬಸಿರು ಬೆಳೆದು ಮಗುವಾಗಿ ಕೈಗೆ ಬರುವುದಿಲ್ಲ. ಅದನ್ನು ಎತ್ತಿ ಗರ್ಭಕೋಶದಲ್ಲಿಡಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಬಿಟ್ಟರೆ ತಾಯಿಯೂ ಹೋಗಬಹುದು. ಇಲ್ಲಿ ನಡೆಯುವುದು ತಾಯಿಯ ಜೀವ ಉಳಿಸುವ ಕೆಲಸ. ಮಗು ಬೇಕೆಂದು ಕಾದಿದ್ದವಳಿಗೆ ದುಃಖ ಇದ್ದೇ ಇರುತ್ತದೆ. ಆಕೆ ಅತ್ತರೆ ಅಳಲು ಬಿಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ನಾಳ ತೆಗೆದರೂ ಇನ್ನೊಂದು ಚೆನ್ನಾಗಿದ್ದರೆ ಮತ್ತೆ ಮಕ್ಕಳಾಗುತ್ತವೆ. ಆಮೇಲೆ ಮಗು ಬಯಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗರ್ಭ ಸರಿಯಾದ ಜಾಗದಲ್ಲೇ ನಿಂತಿದೆ. ಇಂಜೆಕ್ಷನ್ ತೆಗೆದುಕೊಂಡವರು ಮಾತ್ರ ಕನಿಷ್ಠ ಮೂರು ತಿಂಗಳು ಬಸಿರಾಗದಂತೆ ನೋಡಿಕೊಳ್ಳಬೇಕು.

ಊರ ಬಾಯಿ

ರಕ್ತದಷ್ಟೇ ಜೀವ ತೆಗೆಯುವುದು ಇನ್ನೊಂದಿದೆ, ಅದು ಮಾತು. ‘ಆಪರೇಷನ್ ಆದಾಕಿ ಹೆಂಗ ಬಸಿರಾದ್ಲು? ಗಂಡ ಬೆಂಗಳೂರಿಗೆ ಗುಳೆ ಹೋಗ್ಯಾನ, ಇಕಿ ಇಲ್ಲಿ ಏನ ಮಾಡ್ಯಾಳ?’ ಈ ಮಾತಿಗೆ ಹೆದರಿ ಹೆಣ್ಣುಮಗಳು ಮುಟ್ಟು ನಿಂತದ್ದನ್ನು ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಪ್ರತಿ ದಿನ ಆಕೆಯ ಆಯುಷ್ಯದ ದಿನ. ಅಕ್ಕಂದಿರೇ, ಆಪರೇಷನ್ ವಿಫಲವಾಗುತ್ತದೆ ಎಂಬುದು ಸರ್ಕಾರಕ್ಕೇ ಗೊತ್ತಿರುವ ಸಂಗತಿ. ಅದಕ್ಕೆಂದೇ ಪರಿಹಾರದ ಯೋಜನೆ ಇದೆ. ವಿಫಲವಾಗಿದೆ ಎಂದು ತಿಳಿದ 90 ದಿನದೊಳಗೆ ಅರ್ಜಿ ಹಾಕಬೇಕು. ಆಪರೇಷನ್ ಆದಾಗ ಕೊಟ್ಟ ಪ್ರಮಾಣಪತ್ರ, ಈಗಿನ ಸ್ಕ್ಯಾನಿಂಗ್ ಮತ್ತು ಆಸ್ಪತ್ರೆಯ ಕಾಗದ ಎಲ್ಲ ಜೋಪಾನ ಮಾಡಿ, ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿರಿ. ತಪ್ಪಿದ್ದು ನಾಳ, ಹೆಣ್ಣುಮಗಳಲ್ಲ. ಈ ಮಾತನ್ನು ಗಂಡಂದಿರಿಗೆ, ಅತ್ತೆಯರಿಗೆ ಹೇಳುವ ಕೆಲಸ ಸಂಘದ್ದು. ಒಬ್ಬಳೇ ಹೇಳಿದರೆ ಕೇಳಲಿಕ್ಕಿಲ್ಲ, ಹತ್ತು ಜನ ಹೋಗಿ ಹೇಳಿದರೆ ಕೇಳುತ್ತಾರೆ.

ನಮ್ಮ ಸಂಘ ಈ ತಿಂಗಳು ಮಾಡಬಹುದಾದ್ದು

1. ಸದಸ್ಯರ ಮತ್ತು ಮನೆಯವರ ರಕ್ತದ ಗುಂಪು ತಿಳಿದು ನಿರ್ಣಯ ಪುಸ್ತಕದ ಕಡೆಯ ಪುಟದಲ್ಲಿ ಬರೆದಿಡುವುದು.
2. ರಾತ್ರಿ ಕರೆದರೂ ಬರುವ ಊರಿನ ಒಂದು ಗಾಡಿಯವರ ನಂಬರ್, ಆಶಾ ಅಕ್ಕನ ನಂಬರ್ ಎಲ್ಲರ ಫೋನಿನಲ್ಲಿ ಹಾಕಿಸುವುದು.
3. ಆಸ್ಪತ್ರೆಯ ತುರ್ತಿಗೆ ಸಭೆ ಕರೆಯದೆ, ಇಬ್ಬರು ಪ್ರತಿನಿಧಿಗಳ ಒಪ್ಪಿಗೆಯ ಮೇಲೆ ಸಂಘದಿಂದ ಕೂಡಲೇ ಹಣ ಕೊಡಲು ಠರಾವು ಮಾಡುವುದು.

ಚರ್ಚೆಗೆ ಪ್ರಶ್ನೆಗಳು

• ಕಥೆಯ ಅಕ್ಕನನ್ನು ಎಷ್ಟು ಕಡೆ ಉಳಿಸಬಹುದಾಗಿತ್ತು? ಯಾರು ಏನು ಮಾಡಬೇಕಾಗಿತ್ತು?
• ನಮ್ಮ ಊರಲ್ಲಿ ಹೊಟ್ಟೆ ನೋವು ಎಂದರೆ ಮೊದಲು ಯಾರ ಹತ್ತಿರ ಹೋಗುತ್ತೇವೆ? ಯಾಕೆ?
• ಮುಟ್ಟು ತಪ್ಪಿದ್ದನ್ನು ಮನೆಯಲ್ಲಿ ಯಾರ ಮುಂದೆ ಹೇಳಿಕೊಳ್ಳುತ್ತೇವೆ? ಹೇಳಲು ಏನು ಅಡ್ಡಿ?

ನೆನಪಿಡಿ: ಮುಟ್ಟು ತಪ್ಪಿ ಹೊಟ್ಟೆ ನೋವು ಬಂದರೆ, ಆಪರೇಷನ್ ಆಗಿರಲಿ, ವಂಕಿ ಇರಲಿ, ಮೊದಲು ಪರೀಕ್ಷೆ, ಆಮೇಲೆ ಮಾತು. ಇಂದು ಮನೆಗೆ ಹೋಗಿ ಪಕ್ಕದ ಮನೆಯ ಒಬ್ಬ ಅಕ್ಕನಿಗೆ ಇಷ್ಟನ್ನಾದರೂ ಹೇಳಿರಿ.